ಟೇಬಲ್ ಇದೆ, ಆದ್ರೂ ಕ್ವೆರಿ ಇಲ್ಲ ಅನ್ನುತ್ತದೆ: ಹಲವು ಸ್ಕೀಮಾಗಳಲ್ಲಿ ಒಂದು ಹೆಸರಿನ ಬೆನ್ನು ಹತ್ತುವುದು

"ರಿಲೇಶನ್ ಇನ್‌ವಾಯ್ಸ್ ಡಸ್ ನಾಟ್ ಎಕ್ಸಿಸ್ಟ್" ಅಂತ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹೇಳುತ್ತದೆ. ಎರರ್ ಕೋಡ್ 42ಪಿ01. ಆದರೆ ಡೇಟಾಬೇಸ್ ನೋಡುವ ಆ್ಯಪ್ ಡಿಬೀವರ್‌ನ ಎಡಗಡೆ ಪಟ್ಟಿಯಲ್ಲಿ ಅದೇ ಇನ್‌ವಾಯ್ಸ್ ಟೇಬಲ್ ಇರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಡೇಟಾನೂ ಬರುತ್ತದೆ. ನಮ್ಮ ತಂಡದ ವಿಜಯಪುರದ ಹುಡುಗ ಇದನ್ನು ಒಂದೇ ಸಾಲಲ್ಲಿ ಹೇಳುತ್ತಾನೆ: "ಅಣ್ಣಾರ, ಟೇಬಲ್ ಕಣ್ಣಿಗೆ ಕಾಣಾಕತ್ತೈತ್ರಿ, ಕ್ವೆರಿ ಮಾತ್ರ ಇಲ್ಲ ಅಂತೈತ್ರಿ."

ನಾವಿರೋದು ಪುಣೆಯ ಹಿಂಜೆವಾಡಿಯಲ್ಲಿ. ನಾವು ನೋಡಿಕೊಳ್ಳುವ ಬಿಲ್ಲಿಂಗ್ ಸಿಸ್ಟಮ್‌ನಲ್ಲಿ ಒಂದೊಂದು ಶಾಖೆಗೆ ಒಂದೊಂದು ಸ್ಕೀಮಾ, ಅಂದರೆ ಡೇಟಾಬೇಸ್ ಒಳಗೆ ಟೇಬಲ್‌ಗಳ ಒಂದು ಗುಂಪು, ಇದೆ: ಪುಣೆ, ಮುಂಬೈ, ಗೋವಾ. ಮೂರರಲ್ಲೂ ಟೇಬಲ್ ಹೆಸರುಗಳು ಒಂದೇ. ಇನ್‌ವಾಯ್ಸ್, ಕಸ್ಟಮರ್, ಸ್ಟಾಕ್, ಹೀಗೆ. ಬರೀ ಪುಣೆ ಶಾಖೆ ಇದ್ದ ಕಾಲದ ಹಳೇ ಇನ್‌ವಾಯ್ಸ್ ಟೇಬಲ್ ಒಂದು ಪಬ್ಲಿಕ್ ಸ್ಕೀಮಾದಲ್ಲೂ ಉಳಿದುಕೊಂಡಿದೆ. ಇಂಥ ಕಡೆ "ಇನ್‌ವಾಯ್ಸ್ ಟೇಬಲ್ ಇದೆಯಾ?" ಅಂತ ಕೇಳಿದರೆ ಉತ್ತರ ಯಾವಾಗಲೂ "ಇದೆ". ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಈ ಯೂಸರ್, ಈ ಕನೆಕ್ಷನ್‌ನಲ್ಲಿ, ಬರೀ "ಇನ್‌ವಾಯ್ಸ್" ಅಂದರೆ ಯಾವ ಟೇಬಲ್ ಸಿಗುತ್ತದೆ?

ಪುಣೆಯ ಕ್ಯಾಂಪ್‌ನಲ್ಲಿ ಒಂದು ಎಂ.ಜಿ. ರೋಡ್ ಇದೆ, ಮುಂಬೈನ ಫೋರ್ಟ್‌ನಲ್ಲಿ ಒಂದಿದೆ, ಪಣಜಿಯಲ್ಲೂ ಒಂದಿದೆ. ಆಟೋ ಹತ್ತಿ "ಎಂ.ಜಿ. ರೋಡ್" ಅಂದರೆ ನೀವು ಯಾವ ಊರಲ್ಲಿ ಕೂತಿದ್ದೀರೋ ಆ ಊರಿನದಕ್ಕೇ ಕರೆದುಕೊಂಡು ಹೋಗುತ್ತಾರೆ. ಸ್ಕೀಮಾ ಹೇಳದೆ ಟೇಬಲ್ ಹೆಸರು ಬರೆದಾಗ ಆಗುವುದೂ ಇಷ್ಟೇ.

ಈ ಬರಹದಲ್ಲಿ ಜಾಸ್ತಿ ಪೋಸ್ಟ್‌ಗ್ರೆಸ್ ಬಗ್ಗೆ ಇದೆ. ಒರಾಕಲ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ ಬೇಕಾದದ್ದು ಕೊನೆಯ ಕಡೆ ಇದೆ.

ಮೊದಲು ನೀವು ಎಲ್ಲಿದ್ದೀರಿ ನೋಡಿ

ಹುಡುಕಾಟ ಶುರು ಮಾಡುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಕರೆಂಟ್_ಡೇಟಾಬೇಸ್() ಏನು ಕೊಡುತ್ತದೆ? ಕರೆಂಟ್_ಯೂಸರ್ ಯಾರು? ಈ ಎರಡನ್ನೂ ತೊಂದರೆ ಕೊಡುತ್ತಿರುವ ಆ್ಯಪ್‌ನ ಕನೆಕ್ಷನ್‌ನಲ್ಲೇ ಕೇಳಿ. ನಿಮ್ಮ ಲ್ಯಾಪ್‌ಟಾಪ್‌ನ ಕ್ಲೈಂಟ್‌ನಲ್ಲಿ ಕೇಳಿದರೆ ಪ್ರಯೋಜನವಿಲ್ಲ. ಅಲ್ಲಿ ನೀವು ಬೇರೆ ಯೂಸರ್ ಆಗಿ, ಎಷ್ಟೋ ಸಲ ಅಡ್ಮಿನ್ ಆಗಿ, ಒಳಗೆ ಬಂದಿರುತ್ತೀರಿ. ಅಡ್ಮಿನ್‌ಗೆ ಎಲ್ಲವೂ ಕಾಣುತ್ತದೆ, ಎಲ್ಲವೂ ಓಡುತ್ತದೆ. "ನನ್ನ ಮಷೀನ್‌ನಲ್ಲಿ ಸರಿ ಇದೆಯಲ್ಲ" ಅನ್ನುವ ಮಾತು ಹುಟ್ಟುವುದೇ ಇಲ್ಲಿಂದ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸರ್ವರ್, ಅದರೊಳಗೆ ಹಲವು ಡೇಟಾಬೇಸ್, ಒಂದೊಂದು ಡೇಟಾಬೇಸ್ ಒಳಗೆ ಹಲವು ಸ್ಕೀಮಾ. ಒಂದು ಕನೆಕ್ಷನ್ ಒಂದೇ ಡೇಟಾಬೇಸ್‌ಗೆ. ಪಕ್ಕದ ಡೇಟಾಬೇಸ್‌ನ ಟೇಬಲ್‌ಗಳು ಇಲ್ಲಿನ ಕ್ಯಾಟಲಾಗ್‌ನಲ್ಲಿ, ಅಂದರೆ ಡೇಟಾಬೇಸ್ ತನ್ನ ಟೇಬಲ್‌ಗಳ ಬಗ್ಗೆ ತಾನೇ ಇಟ್ಟುಕೊಳ್ಳುವ ಪಟ್ಟಿಯಲ್ಲಿ, ಬರುವುದೇ ಇಲ್ಲ. ಟೆಸ್ಟ್ ಮತ್ತು ಪ್ರೊಡಕ್ಷನ್ ಎರಡೂ ಒಂದೇ ಸರ್ವರ್‌ನಲ್ಲಿದ್ದು, ಕನೆಕ್ಷನ್ ಸ್ಟ್ರಿಂಗ್‌ನ ಕೊನೆಯ ಪದ ಮಾತ್ರ ಬೇರೆ ಇದ್ದರೆ, ಎಷ್ಟು ಸ್ಕೀಮಾ ಜಾಲಾಡಿದರೂ ಟೇಬಲ್ ಸಿಗುವುದಿಲ್ಲ.

ಇನ್ನೊಂದು ಸಾಧ್ಯತೆಯನ್ನೂ ಇಲ್ಲೇ ನೋಡಿಬಿಡಿ. ಪೋಸ್ಟ್‌ಗ್ರೆಸ್‌ನಲ್ಲಿ ಕ್ರಿಯೇಟ್ ಟೇಬಲ್ ಕೂಡ ಟ್ರಾನ್ಸಾಕ್ಷನ್ ಒಳಗೇ ನಡೆಯುತ್ತದೆ. ಯಾರೋ ಆಟೋ ಕಮಿಟ್ ಆಫ್ ಮಾಡಿಕೊಂಡು ಟೇಬಲ್ ಮಾಡಿ, ಕಮಿಟ್ ಮಾಡದೆ ಚಹಾಕ್ಕೆ ಹೋಗಿದ್ದರೆ, ಅದು ಅವರಿಗೆ ಮಾತ್ರ ಕಾಣುತ್ತದೆ. ಉಳಿದವರಿಗೆ ಆ ಟೇಬಲ್ ಇನ್ನೂ ಹುಟ್ಟೇ ಇಲ್ಲ.

ಎಲ್ಲ ಸ್ಕೀಮಾಗಳಲ್ಲಿ ಹೆಸರು ಹುಡುಕುವುದು

ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಕ್ಲೈಂಟ್ ಪಿಎಸ್‌ಕ್ಯೂಎಲ್‌ನಲ್ಲಿ ಸುಮ್ನೆ \ಡಿಟಿ ಅಂತ ಒತ್ತಿದರೆ ಎಲ್ಲ ಟೇಬಲ್ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ನಿಮ್ಮ ಸರ್ಚ್ ಪಾತ್‌ನಲ್ಲಿರುವ, ಅಂದರೆ ಬರೀ ಹೆಸರು ಹೇಳಿದಾಗ ಪೋಸ್ಟ್‌ಗ್ರೆಸ್ ಸರದಿಯಲ್ಲಿ ಹುಡುಕುವ, ಸ್ಕೀಮಾಗಳ ಟೇಬಲ್ ಮಾತ್ರ ಬರುತ್ತದೆ. ಅದರಲ್ಲೂ ಒಂದು ಸೂಕ್ಷ್ಮ ಇದೆ. ಪಾತ್‌ನಲ್ಲಿ ಮೊದಲು ಪುಣೆ, ಆಮೇಲೆ ಗೋವಾ ಇದ್ದು, ಎರಡರಲ್ಲೂ ಇನ್‌ವಾಯ್ಸ್ ಇದ್ದರೆ, ಪಟ್ಟಿಯಲ್ಲಿ ಪುಣೆಯದು ಮಾತ್ರ ಕಾಣುತ್ತದೆ. ಗೋವಾದ್ದು ಅದರ ಹಿಂದೆ ಮರೆಯಾಗಿರುತ್ತದೆ. ಎಲ್ಲ ಸ್ಕೀಮಾ ನೋಡಬೇಕಾದರೆ ನಡುವೆ ನಕ್ಷತ್ರ ಮತ್ತು ಚುಕ್ಕೆ ಬೇಕು:

\ಡಿಟಿ *.ಇನ್‌ವಾಯ್ಸ್

ಹೆಸರು ಪೂರ್ತಿ ನೆನಪಿಲ್ಲದಿದ್ದರೆ \ಡಿಟಿ *.*ಇನ್‌ವಾಯ್ಸ್*. ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ), ಮಟೀರಿಯಲೈಸ್ಡ್ ವ್ಯೂ (ಉತ್ತರವನ್ನೂ ಉಳಿಸಿಟ್ಟ ವ್ಯೂ), ಫಾರಿನ್ ಟೇಬಲ್ (ಡೇಟಾ ಹೊರಗೆಲ್ಲೋ ಇರುವ ಟೇಬಲ್) ಎಲ್ಲವೂ ಬೇಕಿದ್ದರೆ \ಡಿಟಿ ಬದಲು \ಡಿ ಬಳಸಿ. ಇದನ್ನು ಮರೆಯುವವರು ಜಾಸ್ತಿ. ಟೇಬಲ್ ಅಂತ ಹುಡುಕುತ್ತಿರುವುದು ನಿಜವಾಗಿ ಒಂದು ವ್ಯೂ ಆಗಿದ್ದರೆ \ಡಿಟಿ ಅದನ್ನು ತೋರಿಸುವುದೇ ಇಲ್ಲ.

ಪಿಎಸ್‌ಕ್ಯೂಎಲ್ ಇಲ್ಲದಿದ್ದರೆ ಕ್ಯಾಟಲಾಗ್‌ಗೇ ಹೋಗಿ. ಪಿಜಿ_ಕ್ಲಾಸ್ ಟೇಬಲ್‌ನ ರೆಲ್‌ನೇಮ್ ಕಾಲಂನಲ್ಲಿ ಹೆಸರಿರುತ್ತದೆ. ರೆಲ್‌ನೇಮ್‌ಸ್ಪೇಸ್ ಕಾಲಂ ಅನ್ನು ಪಿಜಿ_ನೇಮ್‌ಸ್ಪೇಸ್‌ನ ಓಐಡಿಗೆ (ಪೋಸ್ಟ್‌ಗ್ರೆಸ್ ಒಳಗೊಳಗೇ ಕೊಡುವ ಗುರುತಿನ ನಂಬರ್) ಜಾಯಿನ್ ಮಾಡಿದರೆ ಸ್ಕೀಮಾ ಹೆಸರು ಬರುತ್ತದೆ. ರೆಲ್‌ಕೈಂಡ್ ಕಾಲಂನ ಒಂದೇ ಅಕ್ಷರ ಅದು ಏನು ಅಂತ ಹೇಳುತ್ತದೆ: ಆರ್ ಅಂದರೆ ಮಾಮೂಲಿ ಟೇಬಲ್, ಪಿ ಅಂದರೆ ಪಾರ್ಟಿಶನ್ ಆದ ಟೇಬಲ್, ವಿ ವ್ಯೂ, ಎಂ ಮಟೀರಿಯಲೈಸ್ಡ್ ವ್ಯೂ, ಎಫ್ ಫಾರಿನ್ ಟೇಬಲ್. ಇದರ ಜೊತೆ ಪಿಜಿ_ಟೇಬಲ್_ಈಸ್_ವಿಸಿಬಲ್ ಫಂಕ್ಷನ್‌ಗೆ ಓಐಡಿ ಕೊಟ್ಟು ಇನ್ನೊಂದು ಕಾಲಂ ಮಾಡಿಕೊಳ್ಳಿ. ಬರೀ ಹೆಸರು ಹೇಳಿದರೆ ಸಿಗುವ ಒಂದೇ ಒಂದು ಸಾಲಿಗೆ ಅದು ಟ್ರೂ ಅನ್ನುತ್ತದೆ, ಉಳಿದವಕ್ಕೆ ಫಾಲ್ಸ್. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವ ಕಾಲಂ ಇದೇ.

ಹೆಸರಿನ ತುಂಡು ಕೊಟ್ಟು ಲೈಕ್ ಬಳಸುವಾಗ ಒಂದು ಎಚ್ಚರ ಇರಲಿ. ಲೈಕ್‌ನಲ್ಲಿ ಅಂಡರ್‌ಸ್ಕೋರ್ ಅಂದರೆ "ಯಾವುದಾದರೂ ಒಂದು ಅಕ್ಷರ". ಟೇಬಲ್ ಹೆಸರುಗಳಲ್ಲಿ ಅಂಡರ್‌ಸ್ಕೋರ್ ಇಲ್ಲದೆ ಇರುವುದೇ ಕಡಿಮೆ. ಹಾಗಾಗಿ ಬೇಡದ ಹೆಸರುಗಳೂ ಬಂದು ಸೇರುತ್ತವೆ. ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ. ದೊಡ್ಡಕ್ಷರ ಚಿಕ್ಕಕ್ಷರದ ಗೊಡವೆ ಬೇಡ ಅಂದರೆ ಲೈಕ್ ಬದಲು ಐಲೈಕ್.

ಎರಡು ಪಟ್ಟಿ, ಎರಡು ಉತ್ತರ

ಅಂತರ್ಜಾಲದಲ್ಲಿ ಹುಡುಕಿದರೆ ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್ ಬಳಸಿ ಅನ್ನುವ ಸಲಹೆ ಮೊದಲು ಸಿಗುತ್ತದೆ. ತಪ್ಪೇನಿಲ್ಲ. ಅದು ಎಸ್‌ಕ್ಯೂಎಲ್ ಸ್ಟಾಂಡರ್ಡ್‌ನ ಭಾಗ, ಹಲವು ಡೇಟಾಬೇಸ್‌ಗಳಲ್ಲಿ ಒಂದೇ ಥರ ಓಡುತ್ತದೆ. ಆದರೆ ಆ ಪಟ್ಟಿಯಲ್ಲಿ ಬರುವುದು ನಿಮಗೆ ಏನಾದರೂ ಒಂದು ಹಕ್ಕು ಇರುವ ಟೇಬಲ್‌ಗಳು ಮಾತ್ರ. ಹಕ್ಕು ಇಲ್ಲದ ಟೇಬಲ್ ಅಲ್ಲಿ ಇಲ್ಲವೇ ಇಲ್ಲ. ಪಿಜಿ_ಕ್ಲಾಸ್ ಹಾಗಲ್ಲ. ಹಕ್ಕು ಇರಲಿ ಬಿಡಲಿ, ಆ ಡೇಟಾಬೇಸ್‌ನ ಎಲ್ಲ ಟೇಬಲ್‌ಗಳ ಹೆಸರನ್ನೂ ತೋರಿಸುತ್ತದೆ.

ಹಾಗಾಗಿ ತೊಂದರೆ ಇರುವ ಯೂಸರ್ ಆಗಿಯೇ ಎರಡೂ ಕಡೆ ಹುಡುಕಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪಿಜಿ_ಕ್ಲಾಸ್‌ನಲ್ಲಿ ಇದ್ದು ಇನ್ಫರ್ಮೇಶನ್ ಸ್ಕೀಮಾದಲ್ಲಿ ಇಲ್ಲದಿದ್ದರೆ, ಅದು ಮಟೀರಿಯಲೈಸ್ಡ್ ವ್ಯೂ ಅಲ್ಲದಿದ್ದರೆ, ತೊಂದರೆ ಹಕ್ಕಿನದು. ಎರಡರಲ್ಲೂ ಇದ್ದರೆ ಮುಂದಿನ ಅನುಮಾನ ಸರ್ಚ್ ಪಾತ್ ಮೇಲೆ. ಎರಡರಲ್ಲೂ ಇಲ್ಲದಿದ್ದರೆ ಡೇಟಾಬೇಸ್ ಬೇರೆ, ಇಲ್ಲವೇ ಹೆಸರೇ ಬೇರೆ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಸರ್ಚ್ ಪಾತ್

ಇಲ್ಲಿ ನಿಧಾನವಾಗಿ ಹೋಗೋಣ. ಜಾಸ್ತಿ ಕೇಸುಗಳು ಬಂದು ನಿಲ್ಲುವುದು ಇಲ್ಲೇ.

ಸ್ಕೀಮಾ ಹೇಳದೆ ಹೆಸರು ಬರೆದರೆ ಪೋಸ್ಟ್‌ಗ್ರೆಸ್ ಸರ್ಚ್ ಪಾತ್‌ನಲ್ಲಿರುವ ಸ್ಕೀಮಾಗಳನ್ನು ಒಂದಾದ ಮೇಲೊಂದು ನೋಡುತ್ತದೆ. ಮೊದಲು ಎಲ್ಲಿ ಸಿಗುತ್ತದೋ ಅಲ್ಲಿಗೇ ನಿಲ್ಲುತ್ತದೆ. ಏನೂ ಬದಲಾಯಿಸದಿದ್ದರೆ ಪಾತ್‌ನಲ್ಲಿ ಇರುವುದು ಎರಡೇ: ಯೂಸರ್ ಹೆಸರಿನ ಸ್ಕೀಮಾ, ಆಮೇಲೆ ಪಬ್ಲಿಕ್. ಇದಕ್ಕೂ ಮುಂಚೆ, ನೀವು ಬರೆಯದೇ ಇದ್ದರೂ, ಸೆಶನ್‌ನ ಟೆಂಪರರಿ ಟೇಬಲ್‌ಗಳು ಮತ್ತು ಪಿಜಿ_ಕ್ಯಾಟಲಾಗ್ ಬರುತ್ತವೆ. ಹಾಗಾಗಿ ಯಾವುದೋ ಸ್ಕ್ರಿಪ್ಟ್ ಅದೇ ಸೆಶನ್‌ನಲ್ಲಿ ಇನ್‌ವಾಯ್ಸ್ ಹೆಸರಿನ ಟೆಂಪ್ ಟೇಬಲ್ ಮಾಡಿದ್ದರೆ, ನಿಮ್ಮ ಕ್ವೆರಿ ಓದುವುದು ಅದನ್ನೇ.

ಪಾತ್ ನೋಡಲು ಶೋ ಸರ್ಚ್_ಪಾತ್ ಅನ್ನುವುದು ಎಲ್ಲರಿಗೂ ಗೊತ್ತು. ಅದು ತೋರಿಸುವುದು ಬರೆದಿಟ್ಟದ್ದನ್ನು ಮಾತ್ರ. ನಿಜವಾಗಿ ಬಳಕೆಯಲ್ಲಿರುವುದನ್ನು ತೋರಿಸುವುದು ಕರೆಂಟ್_ಸ್ಕೀಮಾಸ್(ಟ್ರೂ). ಇವೆರಡರ ನಡುವಿನ ವ್ಯತ್ಯಾಸದಲ್ಲೇ ಉತ್ತರ ಅಡಗಿರುತ್ತದೆ. ಪಾತ್‌ನಲ್ಲಿ ಬರೆದ ಸ್ಕೀಮಾ ಅಸ್ತಿತ್ವದಲ್ಲಿ ಇಲ್ಲದಿದ್ದರೆ, ಅಥವಾ ಅದರ ಮೇಲೆ ಈ ಯೂಸರ್‌ಗೆ ಯೂಸೇಜ್ ಹಕ್ಕು (ಸ್ಕೀಮಾ ಒಳಗೆ ಹೋಗಿ ನೋಡುವ ಹಕ್ಕು) ಇಲ್ಲದಿದ್ದರೆ, ಪೋಸ್ಟ್‌ಗ್ರೆಸ್ ಅದನ್ನು ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಇದರಿಂದ ಏನಾಗಬಹುದು ಅನ್ನುವುದಕ್ಕೆ ಗೋವಾದ ಕೇಸ್ ಹೇಳುತ್ತೇನೆ. ಮಡಗಾಂವ್‌ನಲ್ಲಿ ಲೆಕ್ಕ ನೋಡುವವರು ಕಾರವಾರ ಕಡೆಯವರು. ನಮಗೆಲ್ಲ ಅಕ್ಕ. ಮಾರಾಟದ ಜಿಎಸ್‌ಟಿ ರಿಟರ್ನ್, ಅಂದರೆ ಜಿಎಸ್‌ಟಿಆರ್-1, ತುಂಬುವ 11ನೇ ತಾರೀಕು ಹತ್ತಿರ ಬಂದಿತ್ತು. ಫೋನ್ ಮಾಡಿ, "ತಮ್ಮಾ, ನಮ್ಮ ರಿಪೋರ್ಟ್‌ನಲ್ಲಿ ಜಿಎಸ್‌ಟಿ ನಂಬರ್ 27ರಿಂದ ಯಾಕೆ ಶುರು ಆಗ್ತಿದೆ? ನಮ್ಮದು 30 ಅಲ್ವಾ?" ಅಂದರು. ಜಿಎಸ್‌ಟಿ ನಂಬರ್‌ನ ಮೊದಲ ಎರಡು ಅಂಕಿ ರಾಜ್ಯದ ಕೋಡ್. ಗೋವಾಕ್ಕೆ 30, ಮಹಾರಾಷ್ಟ್ರಕ್ಕೆ 27. ರಿಪೋರ್ಟ್ ಎಲ್ಲೂ ಕೆಟ್ಟು ನಿಂತಿರಲಿಲ್ಲ. ಮೊತ್ತಗಳೂ ನಂಬುವ ಹಾಗೇ ಇದ್ದವು. ಆದರೆ ಒಳಗಿದ್ದ ಬಿಲ್‌ಗಳು ಪುಣೆಯವು.

ರಿಪೋರ್ಟ್ ಬಳಸುತ್ತಿದ್ದ ಯೂಸರ್ ಆಗಿ ಲಾಗಿನ್ ಮಾಡಿ ನೋಡಿದಾಗ ಶೋ ಸರ್ಚ್_ಪಾತ್ ಹೇಳಿದ್ದು: ಗೋವಾ, ಪಬ್ಲಿಕ್. ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಕರೆಂಟ್_ಸ್ಕೀಮಾಸ್(ಟ್ರೂ) ಹೇಳಿದ್ದು: ಪಿಜಿ_ಕ್ಯಾಟಲಾಗ್, ಪಬ್ಲಿಕ್. ಗೋವಾ ಮಾಯ. ಹ್ಯಾಸ್_ಸ್ಕೀಮಾ_ಪ್ರಿವಿಲೇಜ್ ಫಂಕ್ಷನ್‌ಗೆ ಗೋವಾ ಮತ್ತು ಯೂಸೇಜ್ ಕೊಟ್ಟರೆ ಫಾಲ್ಸ್ ಬಂತು. ಆ ಯೂಸರ್ ಹೊಸದಾಗಿ ಮಾಡಿದ್ದು. ಸ್ಕೀಮಾ ಮೇಲೆ ಯೂಸೇಜ್ ಕೊಟ್ಟಿರಲಿಲ್ಲ. ಪಬ್ಲಿಕ್‌ನ ಹಳೇ ಟೇಬಲ್‌ಗಳ ಮೇಲೆ ಮಾತ್ರ ರಿಪೋರ್ಟ್ ಯೂಸರ್‌ಗಳಿಗೆಲ್ಲ ಮೊದಲಿಂದ ಸೆಲೆಕ್ಟ್ ಹಕ್ಕು ಇತ್ತು. ಹಾಗಾಗಿ ಇನ್‌ವಾಯ್ಸ್ ಅಂದಾಗ ಗೋವಾ ದಾಟಿ ಪಬ್ಲಿಕ್‌ಗೆ ಹೋಗಿ, ಅಲ್ಲಿದ್ದ ಪುಣೆಯ ಬಿಲ್‌ಗಳನ್ನು ಓದಿಕೊಂಡು ಬಂದಿತ್ತು.

ಈ ಕಾರಣಕ್ಕೇ ನನಗೆ "ಟೇಬಲ್ ಇಲ್ಲ" ಅನ್ನುವ ಎರರ್ ಬಗ್ಗೆ ಭಯ ಕಡಿಮೆ. ಅದು ಬಾಯಿ ಬಿಟ್ಟು ಹೇಳುತ್ತದೆ. ತಪ್ಪು ಟೇಬಲ್ ಸಿಕ್ಕಾಗ ಯಾವುದೂ ಕೂಗುವುದಿಲ್ಲ. ಅಕ್ಕ ಆ ಎರಡು ಅಂಕಿ ಗಮನಿಸದೆ ಇದ್ದಿದ್ದರೆ ರಿಟರ್ನ್ ಹಾಗೇ ಹೋಗುತ್ತಿತ್ತು.

ಸರಿಪಡಿಸುವಾಗ ಮೊದಲು ಸ್ಕೀಮಾ ಮೇಲೆ ಯೂಸೇಜ್ ಕೊಟ್ಟೆವು. ತಕ್ಷಣ ರಿಪೋರ್ಟ್ "ಪರ್ಮಿಶನ್ ಡಿನೈಡ್ ಫಾರ್ ಟೇಬಲ್ ಇನ್‌ವಾಯ್ಸ್" ಅಂತ ನಿಂತಿತು. ಇದನ್ನು ನೋಡಿ ಗಾಬರಿ ಬೀಳಬೇಡಿ. ಈಗ ಹೆಸರು ಸರಿಯಾದ ಟೇಬಲ್ ಮುಟ್ಟಿದೆ, ಓದುವ ಹಕ್ಕು ಒಂದು ಬಾಕಿ ಇದೆ ಅಂತ ಅರ್ಥ. ಯೂಸೇಜ್ ಬೇರೆ, ಸೆಲೆಕ್ಟ್ ಬೇರೆ. ಎರಡೂ ಬೇಕು.

ಇಲ್ಲೇ ಇನ್ನೊಂದು ಪರೀಕ್ಷೆ ಹೇಳಿಬಿಡುತ್ತೇನೆ. ಯೂಸೇಜ್ ಇಲ್ಲದಾಗ ಬರೀ ಇನ್‌ವಾಯ್ಸ್ ಅಂದರೆ "ಡಸ್ ನಾಟ್ ಎಕ್ಸಿಸ್ಟ್" ಬರುತ್ತದೆ ಅಥವಾ ಬೇರೆ ಟೇಬಲ್ ಸಿಗುತ್ತದೆ. ಗೋವಾ.ಇನ್‌ವಾಯ್ಸ್ ಅಂತ ಪೂರ್ತಿ ಬರೆದರೆ "ಪರ್ಮಿಶನ್ ಡಿನೈಡ್ ಫಾರ್ ಸ್ಕೀಮಾ ಗೋವಾ" ಅಂತ ಸ್ಪಷ್ಟವಾಗಿ ಬರುತ್ತದೆ, ಕೋಡ್ 42501. ಅನುಮಾನ ಬಂದ ಕೂಡಲೇ ಪೂರ್ತಿ ಹೆಸರು ಬರೆದು ಓಡಿಸಿ. ನಿಜ ಹೊರಗೆ ಬರುತ್ತದೆ.

ಇನ್ನು ಬರೀ ಹೆಸರು ಯಾವ ಟೇಬಲ್‌ಗೆ ಹೋಗುತ್ತಿದೆ ಅಂತ ನೇರವಾಗಿ ಕೇಳುವ ದಾರಿ. ಟು_ರೆಗ್‌ಕ್ಲಾಸ್('ಇನ್‌ವಾಯ್ಸ್') ಅಂದರೆ, ಸಿಗದಿದ್ದರೆ ನಲ್, ಸಿಕ್ಕರೆ ಹೆಸರು. ಆದರೆ ಸಿಕ್ಕಾಗ ಅದು ಸ್ಕೀಮಾ ಇಲ್ಲದೆ ಸುಮ್ನೆ "ಇನ್‌ವಾಯ್ಸ್" ಅಂತಲೇ ತೋರಿಸುತ್ತದೆ. ಪಾತ್‌ನಲ್ಲಿ ಕಾಣುವ ಟೇಬಲ್‌ಗೆ ಸ್ಕೀಮಾ ಹೆಸರು ಹಚ್ಚುವುದು ಅದರ ರೂಢಿ ಅಲ್ಲ. ಹಾಗಾಗಿ ಆ ಓಐಡಿ ಹಿಡಿದು ಪಿಜಿ_ಕ್ಲಾಸ್‌ಗೆ ಹೋಗಿ, ರೆಲ್‌ನೇಮ್‌ಸ್ಪೇಸ್ ಅನ್ನು ರೆಗ್‌ನೇಮ್‌ಸ್ಪೇಸ್‌ಗೆ ಕಾಸ್ಟ್ ಮಾಡಿ. ಆಗ ಸ್ಕೀಮಾ ಹೆಸರು ಸಿಗುತ್ತದೆ.

ಪಾತ್ ಬಂದದ್ದು ಎಲ್ಲಿಂದ?

ಪಾತ್ ತಪ್ಪಾಗಿದೆ ಅಂತ ಗೊತ್ತಾದ ಮೇಲೆ ಅದನ್ನು ಯಾರು ಹಾಗೆ ಇಟ್ಟರು ಅಂತ ನೋಡಬೇಕು. ಇಲ್ಲದಿದ್ದರೆ ಇವತ್ತು ಸರಿ ಮಾಡಿದ್ದು ನಾಳೆ ಮತ್ತೆ ತಪ್ಪುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಇರಬಹುದು. ಡೇಟಾಬೇಸ್‌ಗೆ ಆಲ್ಟರ್ ಡೇಟಾಬೇಸ್ ಸೆಟ್ ಮಾಡಿರಬಹುದು. ರೋಲ್‌ಗೆ (ಯೂಸರ್ ಅಥವಾ ಯೂಸರ್‌ಗಳ ಗುಂಪು) ಆಲ್ಟರ್ ರೋಲ್ ಸೆಟ್ ಮಾಡಿರಬಹುದು. ಇಂಥ ಡೇಟಾಬೇಸ್‌ನಲ್ಲಿ ಇಂಥ ರೋಲ್‌ಗೆ ಅಂತಲೂ ಇಡಬಹುದು. ಇದೇ ಕ್ರಮದಲ್ಲಿ ಹಿಂದಿನದನ್ನು ಮುಂದಿನದು ಮೀರುತ್ತದೆ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಬಂದದ್ದು ಇವೆಲ್ಲವನ್ನೂ ಮೀರುತ್ತದೆ, ಸೆಶನ್ ಒಳಗೆ ಸೆಟ್ ಮಾಡಿದ್ದು ಅದನ್ನೂ ಮೀರುತ್ತದೆ. ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಸರ್ಚ್_ಪಾತ್ ಸಾಲಿನ ಸೋರ್ಸ್ ಕಾಲಂ ಈಗಿನ ಬೆಲೆ ಎಲ್ಲಿಂದ ಬಂತು ಅಂತ ಹೇಳುತ್ತದೆ. ರೋಲ್, ಡೇಟಾಬೇಸ್‌ಗಳಿಗೆ ಇಟ್ಟದ್ದೆಲ್ಲ ನೋಡಲು ಪಿಎಸ್‌ಕ್ಯೂಎಲ್‌ನಲ್ಲಿ \ಡಿಆರ್‌ಡಿಎಸ್.

ಆಲ್ಟರ್ ರೋಲ್ ಮಾಡಿದ ಬದಲಾವಣೆ ಹೊಸ ಲಾಗಿನ್‌ಗೆ ಮಾತ್ರ. ಈಗಾಗಲೇ ತೆರೆದಿರುವ ಕನೆಕ್ಷನ್‌ಗಳು ಹಳೇ ಪಾತ್‌ನಲ್ಲೇ ಓಡುತ್ತಿರುತ್ತವೆ. ಕನೆಕ್ಷನ್ ಪೂಲ್, ಅಂದರೆ ತೆರೆದಿಟ್ಟ ಕನೆಕ್ಷನ್‌ಗಳನ್ನೇ ಮತ್ತೆ ಮತ್ತೆ ಬಳಸುವ ಏರ್ಪಾಡು, ಇದ್ದರೆ ಆ್ಯಪ್ ರೀಸ್ಟಾರ್ಟ್ ಮಾಡುವ ತನಕ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಹಾಗೆಯೇ, ಗ್ರೂಪ್ ರೋಲ್‌ಗೆ ಇಟ್ಟ ಪಾತ್ ಅದರ ಸದಸ್ಯರಿಗೆ ಹರಿದು ಬರುವುದಿಲ್ಲ. ಸೆಟ್ ರೋಲ್ ಮಾಡಿದರೂ ಬರುವುದಿಲ್ಲ. ಲಾಗಿನ್ ಆದ ರೋಲ್‌ಗೆ ಇಟ್ಟದ್ದಷ್ಟೇ ಲೆಕ್ಕಕ್ಕೆ.

ಒಂದು ಉದ್ಧರಣ ಚಿಹ್ನೆ ಮಾಡುವ ಹಾನಿ ನೋಡಿ:

ಸೆಟ್ ಸರ್ಚ್_ಪಾತ್ = 'ಗೋವಾ, ಪಬ್ಲಿಕ್';

ಇದು ಎರಡು ಸ್ಕೀಮಾ ಅಲ್ಲ. ನಡುವೆ ಕಾಮಾ ಮತ್ತು ಖಾಲಿ ಜಾಗ ಇರುವ ಒಂದೇ ಉದ್ದ ಹೆಸರು. ಅಂಥ ಸ್ಕೀಮಾ ಇರುವುದಿಲ್ಲ, ಆದರೂ ಕಮಾಂಡ್ ಯಾವ ತಕರಾರೂ ಇಲ್ಲದೆ ಓಡುತ್ತದೆ. ಶೋ ಮಾಡಿದಾಗ ಇಡೀ ಸಾಲಿನ ಸುತ್ತ ಡಬಲ್ ಕೋಟ್ ಕಂಡರೆ ಇದೇ ಕಥೆ. ಕೋಟ್ ತೆಗೆಯಿರಿ, ಅಥವಾ ಒಂದೊಂದು ಹೆಸರಿಗೆ ಬೇರೆ ಬೇರೆ ಕೋಟ್ ಹಾಕಿ.

ಒಮ್ಮೆ ಸರಿ ಬಂದು ಒಮ್ಮೆ ತಪ್ಪು ಬರುತ್ತಿದ್ದರೆ ಕನೆಕ್ಷನ್ ಪೂಲ್ ನಡೆಸುವ ಪಿಜಿಬೌನ್ಸರ್ ಕಡೆ ನೋಡಿ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಒಂದು ಸರ್ವರ್ ಕನೆಕ್ಷನ್ ಅನ್ನು ಹಲವರು ಸರದಿಯಲ್ಲಿ ಬಳಸುತ್ತಾರೆ. ಮುಂಬೈ ಶಾಖೆಯ ಕೋಡ್ ಪಾತ್ ಅನ್ನು ಮುಂಬೈಗೆ ಸೆಟ್ ಮಾಡಿ ಹೋದರೆ ಅದು ಆ ಕನೆಕ್ಷನ್‌ನಲ್ಲಿ ಉಳಿಯುತ್ತದೆ. ಮುಂದೆ ಬಂದ ಗೋವಾದ ಕ್ವೆರಿ ಮುಂಬೈ ಟೇಬಲ್ ಓದುತ್ತದೆ. ಸೆಟ್ ಬದಲು ಟ್ರಾನ್ಸಾಕ್ಷನ್ ಒಳಗೆ ಸೆಟ್ ಲೋಕಲ್ ಬಳಸಿ. ಅದಕ್ಕಿಂತ ಒಳ್ಳೆಯದು ಶಾಖೆಗೊಂದು ಲಾಗಿನ್ ಇಟ್ಟು, ಆ ರೋಲ್‌ಗೇ ಪಾತ್ ಕಟ್ಟುವುದು.

ಬ್ಯಾಕಪ್ ರಿಸ್ಟೋರ್ ಮಾಡುವಾಗ ಮಾತ್ರ ಫಂಕ್ಷನ್ ಒಳಗಿಂದ "ರಿಲೇಶನ್ ಡಸ್ ನಾಟ್ ಎಕ್ಸಿಸ್ಟ್" ಬಂದರೆ ಕಾರಣ ಬೇರೆ. 2018ರ ಮಾರ್ಚ್‌ನ ಭದ್ರತಾ ಬಿಡುಗಡೆಯಿಂದ, ಅಂದರೆ 10.3 ಮತ್ತು ಅದರ ಜೊತೆ ಬಂದ ಆವೃತ್ತಿಗಳಿಂದ, ಬ್ಯಾಕಪ್ ತೆಗೆಯುವ ಪಿಜಿ_ಡಂಪ್ ಪಾತ್ ಅನ್ನು ಖಾಲಿ ಇಟ್ಟುಕೊಂಡೇ ಕೆಲಸ ಮಾಡುತ್ತದೆ. ಫಂಕ್ಷನ್ ಒಳಗೆ ಸ್ಕೀಮಾ ಹೆಸರು ಬರೆಯದೆ ಬಿಟ್ಟಿದ್ದರೆ ಅದು ಆಗ ಸಿಕ್ಕಿಬೀಳುತ್ತದೆ.

ಪಬ್ಲಿಕ್‌ನಲ್ಲಿ ಯಾರೂ ಮಾಡದ ಟೇಬಲ್‌ಗಳು ಬಂದು ಬೀಳುವುದಕ್ಕೂ ಪಾತ್‌ಗೂ ಸಂಬಂಧ ಇದೆ. ಸ್ಕೀಮಾ ಹೇಳದೆ ಕ್ರಿಯೇಟ್ ಟೇಬಲ್ ಅಂದರೆ ಟೇಬಲ್ ಹುಟ್ಟುವುದು ಪಾತ್‌ನಲ್ಲಿ ನಿಜವಾಗಿ ಬಳಕೆಗೆ ಬರುವ ಮೊದಲ ಸ್ಕೀಮಾದಲ್ಲಿ. ಗೋವಾ ಸ್ಕೀಮಾ ದಾಟಿ ಹೋದರೆ ಟೇಬಲ್ ಪಬ್ಲಿಕ್‌ನಲ್ಲಿ ಹುಟ್ಟುತ್ತದೆ. ಮೊದಲೆಲ್ಲ ಪಬ್ಲಿಕ್‌ನಲ್ಲಿ ಯಾರು ಬೇಕಾದರೂ ಟೇಬಲ್ ಮಾಡಬಹುದಿತ್ತು. 2022ರಲ್ಲಿ ಬಂದ ಆವೃತ್ತಿ 15ರಿಂದ ಹೊಸ ಡೇಟಾಬೇಸ್‌ಗಳಲ್ಲಿ ಆ ಹಕ್ಕು ಎಲ್ಲರಿಗೂ ಇಲ್ಲ. ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಆಗಿ ಬಂದ ಡೇಟಾಬೇಸ್‌ಗಳಲ್ಲಿ ಹಳೇ ಹಕ್ಕು ಹಾಗೇ ಉಳಿದಿರಬಹುದು, ನೀವೇ ತೆಗೆಯಬೇಕು.

ಹೆಸರಿನ ಅಕ್ಷರಗಳಲ್ಲೇ ತೊಂದರೆ

ಕೋಟ್ ಇಲ್ಲದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಪೂರ್ತಿ ಚಿಕ್ಕಕ್ಷರ ಮಾಡಿಕೊಳ್ಳುತ್ತದೆ. ಯಾವುದೋ ಓಆರ್‌ಎಂ (ಆ್ಯಪ್ ಪರವಾಗಿ ತಾನೇ ಎಸ್‌ಕ್ಯೂಎಲ್ ಬರೆಯುವ ಲೈಬ್ರರಿ) ಅಥವಾ ಬೇರೆ ಡೇಟಾಬೇಸ್‌ನಿಂದ ತಂದ ಸ್ಕ್ರಿಪ್ಟ್ ಡಬಲ್ ಕೋಟ್ ಹಾಕಿ ದೊಡ್ಡ ಐ ಅಕ್ಷರದಿಂದ ಟೇಬಲ್ ಮಾಡಿದ್ದರೆ, ಕೋಟ್ ಇಲ್ಲದೆ ಎಷ್ಟು ಸಲ ಬರೆದರೂ ಸಿಗುವುದಿಲ್ಲ. ಕೋಟ್ ಹಾಕಿ ಬರೆಯಿರಿ. ಸಾಧ್ಯ ಆದರೆ ಟೇಬಲ್ ಹೆಸರನ್ನೇ ಚಿಕ್ಕಕ್ಷರಕ್ಕೆ ಬದಲಾಯಿಸಿ. ಎಲ್ಲ ಕ್ವೆರಿಯಲ್ಲೂ ಕೋಟ್ ಹೊತ್ತು ತಿರುಗುವ ಕಷ್ಟ ತಪ್ಪುತ್ತದೆ.

ಹೆಸರು ಕಣ್ಣಿಗೆ ಒಂದೇ ಥರ ಕಂಡರೂ ಸಿಗದಿದ್ದರೆ ಲೆಂಗ್ತ್ ಮತ್ತು ಆಕ್ಟೆಟ್_ಲೆಂಗ್ತ್ ಎರಡನ್ನೂ ಕೇಳಿ. ಎಕ್ಸೆಲ್‌ನಿಂದ ಕಾಪಿ ಮಾಡಿದ ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡಿದ್ದರೆ ಲೆಂಗ್ತ್ ಒಂದು ಜಾಸ್ತಿ ಬರುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಇದು ಇನ್ನೂ ಮುಖ್ಯ. ನಾವು ಒತ್ತಕ್ಷರ ಬಿಡಿಸಲು ಟೈಪ್ ಮಾಡುವ ಕಾಣದ ಅಕ್ಷರ, ಅಂದರೆ ಜೀರೋ ವಿಡ್ತ್ ನಾನ್ ಜಾಯಿನರ್, ಯೂಟಿಎಫ್-8ರಲ್ಲಿ 3 ಬೈಟ್ ತಿನ್ನುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಎರಡು ಬೇರೆ ಹೆಸರು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ ಇರುವ ಮಿತಿ 63 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಹಾಗಾಗಿ 21ಕ್ಕೇ ಜಾಗ ಮುಗಿಯುತ್ತದೆ. ಗುಣಿತ, ಒತ್ತು, ಹಲಂತ ಎಲ್ಲ ಬೇರೆ ಬೇರೆ ಸಂಕೇತ ಆದ್ದರಿಂದ ನಾವು ಓದುವ ಅಕ್ಷರಗಳ ಲೆಕ್ಕದಲ್ಲಿ ಇನ್ನೂ ಕಡಿಮೆ. ಮಿತಿ ದಾಟಿದರೆ ಹೆಸರು ಕತ್ತರಿಸಿ ಹೋಗುತ್ತದೆ. ಬರುವುದು ಒಂದು ನೋಟೀಸ್ ಮಾತ್ರ, ಎರರ್ ಅಲ್ಲ.

ವ್ಯೂ ಹಳೇ ಟೇಬಲ್ ಬಿಡುವುದಿಲ್ಲ

ಪಾತ್ ಸರಿ ಮಾಡಿದ ಮೇಲೂ ಒಂದು ವ್ಯೂ ಮಾತ್ರ ತಪ್ಪು ಶಾಖೆಯ ಡೇಟಾ ಕೊಡುತ್ತಿದ್ದರೆ ಆಶ್ಚರ್ಯ ಬೇಡ. ವ್ಯೂ ಮಾಡುವ ಹೊತ್ತಿನಲ್ಲಿ ಹೆಸರು ಯಾವ ಟೇಬಲ್‌ಗೆ ಹೋಗಿತ್ತೋ ಆ ಟೇಬಲ್‌ನ ಓಐಡಿ ಅದರಲ್ಲಿ ಉಳಿದುಬಿಡುತ್ತದೆ. ಆಮೇಲೆ ಪಾತ್ ಏನೇ ಆದರೂ ಅದು ಅದೇ ಟೇಬಲ್ ಓದುತ್ತದೆ. ಟೇಬಲ್ ಅನ್ನು ಬೇರೆ ಸ್ಕೀಮಾಕ್ಕೆ ಸಾಗಿಸಿದರೂ ಅದರ ಹಿಂದೆಯೇ ಹೋಗುತ್ತದೆ. ಸರಿಯಾದ ಸ್ಕೀಮಾ ಹೆಸರು ಬರೆದು ವ್ಯೂ ಹೊಸದಾಗಿ ಮಾಡುವುದೊಂದೇ ದಾರಿ. ಪಿಎಲ್/ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ಗಳು ಇದಕ್ಕೆ ಉಲ್ಟಾ. ಓಡುವಾಗಿನ ಪಾತ್ ನೋಡಿ ಹೆಸರು ಹುಡುಕುತ್ತವೆ, ಫಂಕ್ಷನ್‌ಗೇ ಸೆಟ್ ಸರ್ಚ್_ಪಾತ್ ಕಟ್ಟಿದ್ದರೆ ಮಾತ್ರ ಅದನ್ನು ಬಳಸುತ್ತವೆ.

ಬೇರೆ ಡೇಟಾಬೇಸ್ ಬಳಸುವವರಿಗೆ

ಒರಾಕಲ್‌ನಲ್ಲಿ ಸ್ಕೀಮಾ ಅಂದರೆ ಯೂಸರ್. ಕೋಟ್ ಇಲ್ಲದ ಹೆಸರು ಇಲ್ಲಿ ದೊಡ್ಡಕ್ಷರ ಆಗುತ್ತದೆ, ಪೋಸ್ಟ್‌ಗ್ರೆಸ್‌ಗೆ ಉಲ್ಟಾ. ಯೂಸರ್_ಟೇಬಲ್ಸ್‌ನಲ್ಲಿ ನಿಮ್ಮವು, ಆಲ್_ಟೇಬಲ್ಸ್‌ನಲ್ಲಿ ನಿಮಗೆ ಹಕ್ಕಿರುವವು, ಡಿಬಿಎ_ಟೇಬಲ್ಸ್‌ನಲ್ಲಿ ಎಲ್ಲವೂ. ಕೊನೆಯದನ್ನು ನೋಡಲು ಬೇರೆ ಹಕ್ಕು ಬೇಕು. ಓಆರ್‌ಎ-00942 ಬಂದರೆ ಟೇಬಲ್ ಇಲ್ಲ ಅಂತಲೂ ಆಗಬಹುದು, ಹಕ್ಕಿಲ್ಲ ಅಂತಲೂ ಆಗಬಹುದು. ಹಾಗಾಗಿ ಆಲ್ ಮತ್ತು ಡಿಬಿಎ ಎರಡೂ ಪಟ್ಟಿ ಹೋಲಿಸಿ. ಆಲ್_ಸಿನನಿಮ್ಸ್ ನೋಡುವುದನ್ನು ಮರೆಯಬೇಡಿ. ಅದೇ ಹೆಸರಿನ ಸಿನನಿಮ್ ಬೇರೆ ಸ್ಕೀಮಾದ ಟೇಬಲ್ ಕಡೆ ಕೈ ತೋರಿಸುತ್ತಿರಬಹುದು. ಕ್ವೆರಿ ಹೊರಗೆ ಓಡಿ ಪ್ರೊಸೀಜರ್ ಒಳಗೆ ಮಾತ್ರ 00942 ಬಂದರೆ ಹಕ್ಕು ರೋಲ್ ಮೂಲಕ ಬಂದಿದೆ ಅಂತ ಅನುಮಾನಿಸಿ. ಮಾಮೂಲಿ ಪ್ರೊಸೀಜರ್ ಒಳಗೆ ರೋಲ್ ಮೂಲಕ ಬಂದ ಹಕ್ಕು ನಡೆಯುವುದಿಲ್ಲ, ನೇರವಾಗಿ ಗ್ರ್ಯಾಂಟ್ ಕೊಡಬೇಕು.

ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಮತ್ತು ಡೇಟಾಬೇಸ್ ಎರಡೂ ಒಂದೇ. ಸರ್ಚ್ ಪಾತ್ ಅನ್ನುವುದೇ ಇಲ್ಲ, ಯೂಸ್ ಮಾಡಿದ ಒಂದು ಡೇಟಾಬೇಸ್ ಅಷ್ಟೇ. ಇನ್ಫರ್ಮೇಶನ್_ಸ್ಕೀಮಾ.ಟೇಬಲ್ಸ್‌ನಲ್ಲಿ ಹುಡುಕಿದರೆ ಸಾಕು. ಇಲ್ಲಿ ತೊಂದರೆ ಕೊಡುವುದು ದೊಡ್ಡಕ್ಷರ ಚಿಕ್ಕಕ್ಷರ. ಲಿನಕ್ಸ್‌ನಲ್ಲಿ ಡೀಫಾಲ್ಟ್ ಆಗಿ ಟೇಬಲ್ ಹೆಸರಿನ ಅಕ್ಷರ ಭೇದ ಲೆಕ್ಕಕ್ಕೆ ಬರುತ್ತದೆ, ವಿಂಡೋಸ್‌ನಲ್ಲಿ ಬರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಲಿನಕ್ಸ್ ಸರ್ವರ್‌ನಲ್ಲಿ 1146 ಎರರ್ ಕೊಡುವುದು ಇದಕ್ಕೇ. ಲೋವರ್_ಕೇಸ್_ಟೇಬಲ್_ನೇಮ್ಸ್ ಸೆಟ್ಟಿಂಗ್ ಅನ್ನು 8.0ದಲ್ಲಿ ಸರ್ವರ್ ಮೊದಲ ಸಲ ಇನಿಶಿಯಲೈಸ್ ಮಾಡುವಾಗ ಮಾತ್ರ ಇಡಬಹುದು, ಆಮೇಲೆ ಬದಲಾಯಿಸಲು ಬಿಡುವುದಿಲ್ಲ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯೂಸರ್‌ನ ಡೀಫಾಲ್ಟ್ ಸ್ಕೀಮಾ ಮೊದಲು, ಆಮೇಲೆ ಡಿಬಿಓ. ಅಲ್ಲೂ ಇಲ್ಲದಿದ್ದರೆ ಎರರ್ 208. ಸಿಸ್.ಟೇಬಲ್ಸ್ ಅನ್ನು ಸಿಸ್.ಸ್ಕೀಮಾಸ್ ಜೊತೆ ಜಾಯಿನ್ ಮಾಡಿ ಹುಡುಕಿ. ಅದು ಈಗಿನ ಡೇಟಾಬೇಸ್‌ನದ್ದು ಮಾತ್ರ. ಹಕ್ಕಿಲ್ಲದ ಟೇಬಲ್ ಅದರಲ್ಲೂ ಕಾಣುವುದಿಲ್ಲ.

ಮತ್ತೆ ಬರದ ಹಾಗೆ

ರಿಪೋರ್ಟ್ ಮತ್ತು ಲೆಕ್ಕದ ಕ್ವೆರಿಗಳಲ್ಲಿ ಸ್ಕೀಮಾ ಸಮೇತ ಪೂರ್ತಿ ಹೆಸರು ಬರೆಯುವುದೇ ವಾಸಿ. ಶಾಖೆ ಬದಲಾದಂತೆ ಸ್ಕೀಮಾ ಬದಲಾಗಬೇಕಾದ ಕೋಡ್‌ನಲ್ಲಿ ಮಾತ್ರ ಪಾತ್ ಬಳಸಿ, ಅಲ್ಲಿ ಪಾತ್‌ನಿಂದ ಪಬ್ಲಿಕ್ ತೆಗೆದುಬಿಡಿ. ಆಗ ಹಕ್ಕು ತಪ್ಪಿದ ದಿನ ಕ್ವೆರಿ ನಿಂತುಹೋಗುತ್ತದೆ, ಬೇರೆ ಊರಿನ ಬಿಲ್ ಓದುವುದಿಲ್ಲ. ಪಬ್ಲಿಕ್‌ನಲ್ಲಿ ಉಳಿದ ಹಳೇ ಟೇಬಲ್‌ಗಳನ್ನು ಆರ್ಕೈವ್ ಅಂತ ಬೇರೆ ಸ್ಕೀಮಾ ಮಾಡಿ ಅಲ್ಲಿಗೆ ಸಾಗಿಸಿ. ಸಾಗಿಸುವ ಮೊದಲು ಮೇಲೆ ಹೇಳಿದ ವ್ಯೂಗಳ ವಿಷಯ ನೋಡಿಕೊಳ್ಳಿ.

ಹಕ್ಕುಗಳ ವಿಷಯದಲ್ಲಿ ಇನ್ನೊಂದು ಕೆಲಸ ಇದೆ. "ಗ್ರ್ಯಾಂಟ್ ಸೆಲೆಕ್ಟ್ ಆನ್ ಆಲ್ ಟೇಬಲ್ಸ್ ಇನ್ ಸ್ಕೀಮಾ" ಅನ್ನುವುದು ಆ ಕ್ಷಣಕ್ಕೆ ಇರುವ ಟೇಬಲ್‌ಗಳಿಗೆ ಮಾತ್ರ. ಮುಂದಿನ ತಿಂಗಳು ಮಾಡುವ ಟೇಬಲ್‌ಗೆ ಅದು ಹತ್ತುವುದಿಲ್ಲ. ಅದಕ್ಕೆ ಆಲ್ಟರ್ ಡೀಫಾಲ್ಟ್ ಪ್ರಿವಿಲೇಜಸ್ ಬೇಕು. ಅದು ಕೂಡ ಯಾವ ರೋಲ್ ಟೇಬಲ್ ಮಾಡುತ್ತದೋ ಆ ರೋಲ್‌ಗೆ ಕಟ್ಟಿದ ನಿಯಮ. ನೀವು ನಿಮ್ಮ ಹೆಸರಿನಲ್ಲಿ ಇಟ್ಟು, ಮೈಗ್ರೇಶನ್ ಬೇರೆ ಯೂಸರ್ ಆಗಿ ಓಡಿದರೆ, ಹೊಸ ಟೇಬಲ್ ಮತ್ತೆ ರಿಪೋರ್ಟ್ ಯೂಸರ್‌ಗೆ ಸಿಗುವುದಿಲ್ಲ. \ಡಿಡಿಪಿ ಒತ್ತಿದರೆ ಯಾರ ಹೆಸರಿನಲ್ಲಿ ಏನು ನಿಯಮ ಇದೆ ಅಂತ ಬರುತ್ತದೆ. ಅಲ್ಲಿ ಮೈಗ್ರೇಶನ್ ಯೂಸರ್ ಹೆಸರು ಇಲ್ಲದಿದ್ದರೆ, ಫಾರ್ ರೋಲ್ ಅಂತ ಆ ಹೆಸರು ಕೊಟ್ಟು ನಿಯಮ ಸೇರಿಸಿ. ಈ ಮಧ್ಯೆ ಹುಟ್ಟಿಕೊಂಡ ಟೇಬಲ್‌ಗಳಿಗೆ ಬೇರೆಯಾಗಿ ಗ್ರ್ಯಾಂಟ್ ಕೊಟ್ಟು, ಆಮೇಲೆ ರಿಪೋರ್ಟ್ ಯೂಸರ್ ಆಗಿಯೇ ಲಾಗಿನ್ ಆಗಿ ಪಿಜಿ_ಕ್ಲಾಸ್ ಮತ್ತು ಇನ್ಫರ್ಮೇಶನ್ ಸ್ಕೀಮಾ, ಎರಡೂ ಪಟ್ಟಿ ಇನ್ನೊಮ್ಮೆ ಹೋಲಿಸಿ.